ಢಂ ಅನ್ನದ ಬಂದೂಕು

ಜನವರಿ ೮, ಗುರುವಾರ

ಎಲೈ ಬಿಳಿಹಾಳೆಯೇ, ಕಿವಿಗೊಟ್ಟು ಕೇಳು. ಈ ಬಡೇಸಾಬನ ಬಾಯಿಗೆ ಬೀಗ ಬಿದ್ದಿದೆ.

ಮೈಕು ಕೈಕೊಟ್ಟ ಎಷ್ಟೋ ರಾತ್ರಿ ಇಡೀ ಟೆಂಟನ್ನು ಒಬ್ಬನೇ ಹೊತ್ತು ನಿಂತ ಕಂಠವಿದು. ಕಟ್ಟಕಡೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವನ ಬಾಯಿಂದ ಎಲೆಅಡಿಕೆ ಉದುರಿಸಿದ ಕಂಠ. ನಾಟಕ ಕಂಪನಿಯ ಪರದೆಯ ಹಿಂದೆ ಕಟ್ಟಿದ ತೊಟ್ಟಿಲಲ್ಲಿ ಮಲಗಿದ್ದಾಗಲೇ ಅಳುವ ದೃಶ್ಯಕ್ಕೆ ಸರಿಯಾಗಿ ಅತ್ತು ಚಪ್ಪಾಳೆ ಗಿಟ್ಟಿಸಿದವನು ನಾನು ಎಂದು ಅಪ್ಪ ಹೇಳುತ್ತಿದ್ದರು. ಅಂಥ ಗಂಟಲಲ್ಲಿ ಒಂದು ಗಂಟು. ಡಾಕ್ಟರಮ್ಮ ಅದನ್ನು ತೆಗೆದರು. ಬೆನ್ನಲ್ಲೇ ರಾಜಾಜ್ಞೆ ಹೊರಡಿಸಿದರು: ಫೆಬ್ರವರಿಯಲ್ಲಿ ತಾವು ಮತ್ತೆ ನೋಡಿ ಅಪ್ಪಣೆ ಕೊಡುವ ತನಕ ಮಾತು ಕೂಡದು. ಪಿಸುಮಾತೂ ಕೂಡದು. ಒಂದೇ ಒಂದು ಸಲ ಕೂಗಿ ಗಾಯ ಬಿಚ್ಚಿಕೊಂಡರೆ ಹೋದ ದನಿ ಹೋದಂತೆಯೇ.

ಶಿವರಾತ್ರಿ ಜಾಗರಣೆಗೆ ಹರಿಹರದಲ್ಲಿ ನಮ್ಮ ನಾಟಕ. ಪಾಳೇಗಾರನ ಪಾತ್ರ ನನ್ನದು. ಮೀಸೆ ಕಪ್ಪಗಿದ್ದ ಕಾಲದಿಂದಲೂ ನನ್ನದು. ಕಂಪನಿ ನಡೆಸುವ ಮಾಲತೇಶಪ್ಪ ಮೋಸಂಬಿ ಹಿಡಿದುಕೊಂಡು ನೋಡಲು ಬಂದಿದ್ದ. ಹಣ್ಣು ಕೊಟ್ಟು, ಕಾಲುಗಂಟೆ ಹವಾಮಾನದ ಮಾತಾಡಿ, ಹೊಸ್ತಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಾ ಬಾಣ ಬಿಟ್ಟ. “ಪಾರ್ಟು ನಿಮ್ದೇ ಸಾಬ್ರೇ. ಡಾಕ್ಟ್ರು ಬ್ಯಾಡ ಅಂದ್ರೆ ಮಾತ್ರ ಬ್ಯಾರೇದೋರ್ನ ನೋಡ್ಬೇಕಾಗ್ತೈತೆ. ಬೇಜಾರ್ ಮಾಡ್ಕೋಬ್ಯಾಡ್ರಿ.”

ಬೇರೆಯವರು ಯಾರೆಂದು ಕೇಳಲು ಬಾಯಿ ತೆರೆದೆ. ನನ್ನ ಹೆಂಡತಿ ಖತೀಜಾಬೀ ಅಂಗೈಯಿಂದ ಅದನ್ನು ಮುಚ್ಚಿದಳು. ಸಂಜೆ ನನಗೊಂದು ಸ್ಲೇಟು, ಬಳಪ ತಂದುಕೊಟ್ಟಳು. ವಿಧಿಯೇ, ಎಷ್ಟು ಸಣ್ಣ ಸ್ಲೇಟು ಅದು. ನನ್ನ ಒಂದು ವಾಕ್ಯಕ್ಕೆ ಮೂರು ಸಲ ಒರೆಸಬೇಕು.

ಜನವರಿ ೧೨, ಸೋಮವಾರ

ಯುದ್ಧ ಘೋಷಣೆಯಾಗಿದೆ.

ರಂಜಾನ್ ಹತ್ತಿರ ಬರುತ್ತಿದೆ. ನಾವಿರುವ ಎಸ್.ಎಸ್. ಬಡಾವಣೆಯ ಅರ್ಧಕ್ಕರ್ಧ ಮನೆಗಳಿಗೆ, ಜಾತಿ ಮತ ಬಿಟ್ಟು, ಖತೀಜಾಳ ಶಾವಿಗೆಯೇ ಆಗಬೇಕು. ನಮ್ಮ ಮನೆಯ ತಾರಸಿಯಲ್ಲಿ ಹಗ್ಗ ಕಟ್ಟಿ, ಮದುಮಗಳ ಜಡೆ ಬಿಚ್ಚಿ ಹರಡಿದ ಹಾಗೆ ಅವಳು ಶಾವಿಗೆ ಒಣಹಾಕುತ್ತಾಳೆ. ಮಂಗಗಳ ದಂಡು ಬರುತ್ತದೆ. ಇಷ್ಟು ವರ್ಷ ತಾರಸಿಯ ಕಾವಲು ನನ್ನ ಕಂಠದ್ದು. ಮೆಟ್ಟಿಲ ತುದಿಯಲ್ಲಿ ನಿಂತು ಪಾಳೇಗಾರನ ಒಂದು ಮಾತು ಗುಡುಗಿದರೆ ಸಾಕು, ದಂಡು ಚದುರಿ ನೀರಿನ ಟ್ಯಾಂಕು ಹಾರಿ ಓಡುತ್ತಿತ್ತು.

ಇವತ್ತು ದಂಡಿನ ಮುಖಂಡ, ಕಿವಿ ಹರಿದ ಗಡವ, ಶಾವಿಗೆಯನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತಾ ತಿಂದ. ಅವನಿಗೆ ದಳವಾಯಿ ಎಂದು ಹೆಸರಿಟ್ಟಿದ್ದೇನೆ. ನಾನು ಚಪ್ಪಾಳೆ ತಟ್ಟಿದೆ. ಕಲಾವಿದನಿಗೆ ಸಿಗಬೇಕಾದ ಗೌರವ ಸಿಕ್ಕಿತೆಂಬಂತೆ ಕೂತ.

ಸ್ಲೇಟಿನಲ್ಲಿ ಬರೆದೆ: ಬಂದೂಕು ತರುತ್ತೇನೆ.

ಖತೀಜಾ ಹಣೆ ಚಚ್ಚಿಕೊಂಡಳು. ಆಮೇಲೆ ಕರಾರು ಹಾಕಿದಳು: “ಬರೀ ಸದ್ದು ಮಾಡ್ರಿ. ಒಂದು ಜೀವಕ್ಕೆ ತಾಗಿದ್ರೂ ನಾನು ತೌರಿಗೆ.” ನಾನೇನು ಕಟುಕನೇ? ನನಗೂ ಬೇಕಿರುವುದು ಸದ್ದೇ.

ಜನವರಿ ೧೪, ಬುಧವಾರ

ಹರಿಹರದಲ್ಲಿ, ರೈಲು ನಿಲ್ದಾಣದಿಂದ ಸ್ವಲ್ಪ ಈಚೆ, ಬಕ್ಕೇಶಪ್ಪ ಎನ್ನುವವರ ಅಂಗಡಿ. ಬೀಗ, ಟಾರ್ಚು, ಕ್ರಿಕೆಟ್ ಬ್ಯಾಟು, ಗೋಡೆಯ ಮೇಲೆ ಸಾಲಾಗಿ ಏರ್ ಗನ್ನು. ಲೈಸೆನ್ಸು ಬೇಕಿಲ್ಲ, ಆಧಾರ್ ನಕಲು ಸಾಕು. ನಾನು ಸ್ಲೇಟಿನಲ್ಲಿ ‘ಮಾತಾಡುವಂತಿಲ್ಲ’ ಎಂದು ಬರೆದು ತೋರಿಸಿದೆ. ಬಕ್ಕೇಶಪ್ಪನ ಕಣ್ಣು ತುಂಬಿ ಬಂತು. ಅಲ್ಲಿಂದ ಮುಂದೆ ಇಬ್ಬರ ಪಾಲಿನ ಮಾತನ್ನೂ ಅವರೇ ಆಡಿದರು. ಅವರ ಮೊಣಕಾಲು, ಸೊಸೆಯ ಅಡಿಗೆ, ತಮ್ಮನ ಮನೆಯ ಒಂದು ಎಮ್ಮೆ. ಅಬ್ಬಬ್ಬಾ, ಏನು ಬಾಯಿ. ನಾನು ಬಿಟ್ಟೂ ಬಿಟ್ಟೂ ಆಕಳಿಸಿದೆ.

ಹೊಚ್ಚ ಹೊಸ ಬಂದೂಕು ಕೊಟ್ಟರು. ಮರದ ಹಿಡಿ, ಕಪ್ಪು ನಳಿಗೆ, ಎಣ್ಣೆ ಹಚ್ಚಿದ ಮಿರುಗು. ನಳಿಗೆಯನ್ನು ಮುರಿಯುವ ಹಾಗೆ ಕೆಳಕ್ಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಕೊಂಡಿಗೆ ಸಿಕ್ಕಿಕೊಂಡು ‘ಕಟಕ್’ ಅನ್ನುತ್ತದೆ. ಗುಂಡಿಟ್ಟು ನಳಿಗೆ ಮುಚ್ಚಿದರೆ ಸಿದ್ಧ. ಗುಂಡಿಲ್ಲದೆ ಮಾತ್ರ ಹಾರಿಸಬಾರದಂತೆ, ಸ್ಪ್ರಿಂಗು ಹಾಳಾಗುತ್ತದಂತೆ. ಬಸ್ಸಿನಲ್ಲಿ ಬೆಡ್‌ಶೀಟು ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ. ಪಕ್ಕದ ಮುದುಕಿ ತಂಬೂರಿ ಎಂದು ತಿಳಿದು ಕೈಮುಗಿದಳು.

ಜನವರಿ ೧೫, ಗುರುವಾರ

ರಂಗಸಜ್ಜಿಕೆ ಹೀಗಿತ್ತು. ತಾರಸಿಯ ಈ ಮೂಲೆಯಲ್ಲಿ ಗುಂಡು ಬೀಳಲೆಂದು ಮರಳಿನ ಚೀಲ. ಆ ಮೂಲೆಯಲ್ಲಿ ದಳವಾಯಿ ಮತ್ತು ಪರಿವಾರ. ನಾನು ಎದೆ ಸೆಟೆಸಿ, ಒಂದು ಕಾಲು ಮುಂದಿಟ್ಟು, ಚೀಲಕ್ಕೆ ಗುರಿಯಿಟ್ಟು, ಕಣ್ಣಿಂದಲೇ ಅರ್ಧ ಸಂಭಾಷಣೆ ಮುಗಿಸಿ, ಟ್ರಿಗರ್ ಒತ್ತಿದೆ.

ಟಪ್.

ಯಾರೋ ಪಕ್ಕದ ಕೋಣೆಯಲ್ಲಿ ಚಪ್ಪಲಿ ಬಿಟ್ಟ ಹಾಗೆ. ದಳವಾಯಿ ತಲೆಯನ್ನೂ ಎತ್ತಲಿಲ್ಲ.

ಮೋಸ. ಶುದ್ಧ ಮೋಸ. ನಾನು ರಂಗದ ಮೇಲೆ ಬಂದೂಕು ಹಿಡಿದೇ ಬೆಳೆದವನು. ಒತ್ತಿದರೆ ಢಂ ಅನ್ನಬೇಕು. ನಮ್ಮ ಕಂಪನಿಯ ಬಂದೂಕು ಪೂರ್ತಿ ಮರದ್ದು, ಬಡಗಿ ಕೆತ್ತಿ ಬಣ್ಣ ಬಳಿದದ್ದು. ಅದು ಕೂಡ ಢಂ ಅನ್ನುತ್ತಿತ್ತು. ಪಕ್ಕದ ಪರದೆಯ ಹಿಂದೆ ಪಟಾಕಿಗೆ ಬೆಂಕಿ ಇಡುವವನೊಬ್ಬ ಇರುತ್ತಿದ್ದ, ಆ ಮಾತು ಬೇರೆ. ಕಾಸು ಕೊಟ್ಟು ತಂದ ಕಬ್ಬಿಣದ ಬಂದೂಕಿಗೆ ಅಷ್ಟೂ ಯೋಗ್ಯತೆ ಬೇಡವೇ?

ಜನವರಿ ೧೯, ಸೋಮವಾರ

ಹರಿಹರಕ್ಕೆ ದಂಡಯಾತ್ರೆ. ಸ್ಲೇಟಿನಲ್ಲಿ ಮನೆಯಿಂದಲೇ ಬರೆದುಕೊಂಡು ಹೋಗಿದ್ದೆ: ‘ನೀವು ಮಾರಿದ್ದು ಮೂಕ ಬಂದೂಕು. ಇದು ಮಾನವಂತರು ಮಾಡುವ ಕೆಲಸವೇ?’

ಬಕ್ಕೇಶಪ್ಪ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. “ಸಾಬ್ರೇ, ಇದು ಗಾಳಿ ಬಂದೂಕು. ಗಾಳಿ ಎಷ್ಟಂತ ಕೂಗ್ತೈತೆ?” ಅಂದರು. ನಾನು ಸ್ಲೇಟನ್ನು ಮೇಜಿಗೆ ಕುಟ್ಟಿದೆ. ಕೂಗಲಾಗದವನು ಇನ್ನೇನು ಮಾಡಬೇಕು? ಆಗಲಿ ಎಂದು ಅವರು ಅಂಗಡಿಯ ಹಿತ್ತಲಲ್ಲಿ ರಟ್ಟಿನ ಡಬ್ಬ ನಿಲ್ಲಿಸಿ ಹಾರಿಸಿ ನೋಡಿದರು. ಡಬ್ಬಕ್ಕೆ ಬೀಳಲಿಲ್ಲ. ಹತ್ತಿರ ಹೋಗಿ ಹಾರಿಸಿದರೂ ಗುಂಡು ಎಡಕ್ಕೇ. ನೋಡಿದರೆ ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಪುಟ್ಟ ಮೊಳೆಯನ್ನು ಕಾರ್ಖಾನೆಯಲ್ಲೇ ಸೊಟ್ಟಗೆ ಕೂರಿಸಿದ್ದಾರೆ. ಪೆಟ್ಟಿಗೆಯ ಮೇಲೆ ‘ಪರೀಕ್ಷಿಸಲಾಗಿದೆ’ ಎಂಬ ಹಸಿರು ಚೀಟಿ ಬೇರೆ. ಯಾವ ಕಣ್ಣಿಂದ ಪರೀಕ್ಷಿಸಿದನೋ ಆ ಪುಣ್ಯಾತ್ಮ.

ಬೇರೆ ತರಿಸಿಕೊಡುತ್ತಾರೆ. ಎಮ್ಮೆಯ ಕತೆ ಇವತ್ತೂ ನಡೆಯಿತು. ಅದು ಕಳುವಾದ ಎಮ್ಮೆ ಎಂದು ಇವತ್ತು ತಿಳಿಯಿತು.

ಜನವರಿ ೨೫, ಭಾನುವಾರ

ಢಂ!

ಎಲೈ ಹಾಳೆಯೇ, ನಿನ್ನ ಮೈ ನಡುಗಿತೇ? ನಡುಗಬೇಕು. ಎರಡನೆಯ ಬಂದೂಕು ನಿನ್ನೆ ಕೈಸೇರಿತು, ಇವತ್ತು ಬೆಳಗ್ಗೆ ಗರ್ಜಿಸಿತು. ಗುಂಡು ಮರಳಿನ ಚೀಲಕ್ಕೆ, ಸದ್ದು ಸಪ್ತಲೋಕಕ್ಕೆ. ನಳಿಗೆಯ ಬಾಯಿಂದ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಎದ್ದು, ಸುಟ್ಟ ಎಣ್ಣೆಯ ಘಮ ಹರಡಿ, ಪಟಾಕಿ ಹೊಡೆದ ಪರದೆಯ ಹಿಂಭಾಗವೇ ಕಣ್ಮುಂದೆ ಬಂತು. ದಳವಾಯಿ ಹಾರಿದ ಹಾರಾಟಕ್ಕೆ ನೀರಿನ ಪೈಪು ಸಡಿಲವಾಗಿದೆ. ಎದುರು ಮನೆಯವರು ಸಿಲಿಂಡರ್ ಸಿಡಿಯಿತೆಂದು ಬೀದಿಗೆ ಓಡಿ ಬಂದರು. ತಾರಸಿಯಿಂದ ಅವರಿಗೆ ಕೈಬೀಸಿದೆ. ಅವರು ಬೀಸಲಿಲ್ಲ.

ಹಾರಿಸಿದ್ದೆಲ್ಲ ಢಂ. ಇದಲ್ಲವೇ ಗುಣಮಟ್ಟ? ಇದಲ್ಲವೇ ಕಾರ್ಖಾನೆ? ಬಕ್ಕೇಶಪ್ಪನವರ ಸಂತತಿ ಸಾವಿರವಾಗಲಿ. ಖತೀಜಾ ಮಾತ್ರ ಕಿವಿಗೆ ಹತ್ತಿ ಇಟ್ಟುಕೊಂಡು ಶಾವಿಗೆ ಹೊಸೆಯುತ್ತಿದ್ದಾಳೆ.

ಜನವರಿ ೨೭, ಮಂಗಳವಾರ

ಢಂ ಸ್ವಲ್ಪ ಇಳಿದಿದೆ. ಚಳಿಗೆ ಇರಬೇಕು.

ಜನವರಿ ೨೯, ಗುರುವಾರ

ಟಪ್.

ಫೆಬ್ರವರಿ ೨, ಸೋಮವಾರ

ಮತ್ತೆ ಹರಿಹರ. ಕಂಡಕ್ಟರ್ ಈಗ ನನ್ನನ್ನು ಗುರುತು ಹಿಡಿಯುತ್ತಾನೆ, ತಂಬೂರಿ ಮಾಸ್ಟ್ರೇ ಅನ್ನುತ್ತಾನೆ.

ನಾನು ಬರೆದೆ: ‘ಮೊದಲು ಚೆನ್ನಾಗಿತ್ತು. ಢಂ ಅನ್ನುತ್ತಿತ್ತು. ಹೊಗೆಯೂ ಬರುತ್ತಿತ್ತು. ಈಗ ಕೆಟ್ಟಿದೆ.’

ಬಕ್ಕೇಶಪ್ಪ ನಳಿಗೆ ಬಗ್ಗಿಸಿ, ಮೂಸಿ, ಒಳಗೆ ಬತ್ತಿ ತೂರಿಸಿ ತೆಗೆದರು. ಬತ್ತಿ ಕರ್ರಗೆ ಬಂತು. ಕಾರ್ಖಾನೆಯವರು ಒಳಗೆ ಎಣ್ಣೆಯನ್ನು ಒಗ್ಗರಣೆಗೆ ಸುರಿದ ಹಾಗೆ ಸುರಿದಿದ್ದರಂತೆ. ಗಾಳಿ ಒತ್ತಿದ ಬಿಸಿಗೆ ಆ ಎಣ್ಣೆಯೇ ಹೊತ್ತಿಕೊಂಡು ಸಿಡಿಯುತ್ತಿತ್ತಂತೆ. ಎಣ್ಣೆ ತೀರಿತು, ಸದ್ದು ತೀರಿತು. ಸಿಡಿದ ಹೊಡೆತಕ್ಕೆ ಒಳಗಿನ ವಾಷರ್ ಸುಟ್ಟು ಈಗ ಗಾಳಿಯೂ ಸೋರುತ್ತಿದೆ.

“ಆ ಢಂ ಅನ್ನೋದೇ ರೋಗ, ಸಾಬ್ರೇ. ಈಗ ಟಪ್ ಅಂತೈತಲ್ಲ, ಅದು ಮಾಮೂಲು ದನಿ.”

ನಾನು ಬರೆದೆ: ‘ನನಗೆ ರೋಗದ್ದೇ ಕೊಡಿ.’

ಬಕ್ಕೇಶಪ್ಪ ನಕ್ಕು ನಕ್ಕು ಬೀಗದ ಗೊಂಚಲು ಬೀಳಿಸಿದರು. ಅಷ್ಟು ವರ್ಷದ ವ್ಯಾಪಾರದಲ್ಲಿ ಕೆಟ್ಟ ಮಾಲು ಬೇಕೆಂದು ಜಗಳ ತೆಗೆದವನು ನಾನೊಬ್ಬನೇ ಅಂತೆ. ಕೊಡಲು ಒಪ್ಪಲಿಲ್ಲ. ಮತ್ತೊಂದು ತರಿಸುತ್ತಾರೆ. ಚಹಾ ತರಿಸಿದರು. ಎಮ್ಮೆ ಮಾಯಕೊಂಡದ ಸಂತೆಯಲ್ಲಿ ಸಿಕ್ಕಿತಂತೆ. ಸಿಕ್ಕಿದ್ದು ಹೌದು, ಆದರೆ ಅದನ್ನು ಕೊಂಡವನು ತಮ್ಮನ ಬೀಗನೇ. ಈಗ ಎಮ್ಮೆ ಕೇಳಿದರೆ ನೆಂಟಸ್ತಿಕೆ ಹೋಗುತ್ತದೆ, ಬಿಟ್ಟರೆ ಹಾಲು ಹೋಗುತ್ತದೆ. ಮುಂದೇನಾಯಿತು ಎನ್ನುವಷ್ಟರಲ್ಲಿ ಯಾರೋ ಬೀಗ ಕೊಳ್ಳಲು ಬಂದರು. ಬಸ್ಸು ಹೊರಟಿತ್ತು, ನಾನು ಮುಂದಿನ ಬಸ್ಸಿಗೆ ಕಾದೆ. ಹೊರಡುವಾಗ ಬಕ್ಕೇಶಪ್ಪ ನನ್ನ ಕೈ ಹಿಡಿದು, “ನಿಮ್ಮಷ್ಟು ಚೆಂದ ಮಾತಾಡೋರ್ನ ನಾನು ಕಂಡಿಲ್ಲ” ಅಂದರು. ಏನೆಂದು ಹೇಳಿದರೋ. ನನ್ನ ಬಳಪ ಆಗಲೇ ಮುಗಿದಿತ್ತು.

ಫೆಬ್ರವರಿ ೫, ಗುರುವಾರ

ವಿಶೇಷವೇನಿಲ್ಲ. ಬಂದೂಕಿಲ್ಲ, ಕಂಠವಿಲ್ಲ, ಹಾಗಾಗಿ ತಾರಸಿಯಲ್ಲಿ ಕುರ್ಚಿ ಹಾಕಿ ಸುಮ್ಮನೆ ಕೂತಿದ್ದೆ. ದಳವಾಯಿ ಟ್ಯಾಂಕಿನ ಮೇಲೆ ಬಂದು ಕೂತ. ನಾನವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಅವನ ದಂಡಿನಲ್ಲಿ ಒಂದು ಕುಂಟು ಹೆಣ್ಣಿದೆ, ಹೊಟ್ಟೆಗೆ ಮರಿ ಕಟ್ಟಿಕೊಂಡಿದೆ. ಎಲ್ಲರೂ ಹಾರಿ ಮುಗಿಸುವ ತನಕ ಅವನು ಕಾಯುತ್ತಾನೆ. ಅವಳು ಹಾರಿದ ಮೇಲೆ ತಾನು ಹಾರುತ್ತಾನೆ. ಇಷ್ಟು ವರ್ಷ ಹಿಂಬದಿಯಲ್ಲಿ ಉಳಿದವನನ್ನು ನೋಡಿ ಸೋಮಾರಿ ಎಂದು ಬೈದಿದ್ದೆ. ಇವತ್ತು ಶಾವಿಗೆಗೆ ಯಾರೂ ಕೈ ಹಾಕಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ತಾವಾಗಿಯೇ ಹೋದವು.

ಖತೀಜಾಗೆ ಸ್ಲೇಟಿನಲ್ಲಿ ಬರೆದು ತೋರಿಸಿದೆ: ಮಂಗ ಶಾವಿಗೆ ಮುಟ್ಟಲಿಲ್ಲ, ಯಾಕೆ?

“ನೀವು ಇಲ್ಲೇ ಕೂತಿದ್ರಲ್ಲ. ಮೊದ್ಲು ಮೆಟ್ಟಿಲ ಮ್ಯಾಲೆ ನಿಂತು ಗುಡುಗಿ ಕೆಳಗೆ ಹೋಗ್ತಿದ್ರಿ. ನೀವು ಇಳಿದ ತಕ್ಷಣ ಅವೂ ಬರ್ತಿದ್ವು. ನಾನೇ ಕೋಲು ಹಿಡಕೊಂಡು ಓಡಿಸ್ತಿದ್ದೆ.”

ಅದನ್ನು ಯಾಕೆ ಹೇಳಲಿಲ್ಲ ಎಂದು ಬರೆದೆ. ಯಾವಾಗ ಹೇಳಲಿ ಎಂದು ಕೇಳಿದಳು. ಆಮೇಲೆ ನನ್ನ ಕುರ್ಚಿಯ ಪಕ್ಕ ಮಣೆ ಹಾಕಿಕೊಂಡು ಹೊಸೆಯುತ್ತಾ ಕೂತಳು. ಹಿಟ್ಟನ್ನು ಎಷ್ಟು ನಾದಿದರೆ ಎಳೆ ಎಷ್ಟುದ್ದ ಬರುತ್ತದೆ, ಮೋಡ ಕಟ್ಟಿದ ದಿನ ಎಷ್ಟು ಉಪ್ಪು ಹಿಡಿಯಬೇಕು, ನಮ್ಮ ಮದುವೆಯ ಮಾರನೆಯ ದಿನ ನಾನು ನಾಟಕಕ್ಕೆ ಹೋದಾಗ ಅವಳು ಈ ಮಣೆಯ ಮೇಲೇ ಕೂತು ಅತ್ತದ್ದು, ಆ ಹಿಟ್ಟಿಗೆ ಉಪ್ಪು ಜಾಸ್ತಿಯಾಯಿತೆಂದು ಅತ್ತೆ ಬೈದದ್ದು. ಹೇಳಿ ತಾನೇ ನಕ್ಕಳು. ಬಿಸಿಲು ಇಳಿಯಿತು. ಚಹಾ ಆರಿಹೋಗಿತ್ತು, ಹಾಗೇ ಕುಡಿದೆವು.

ವಿಶೇಷವೇನಿಲ್ಲ ಎಂದು ಮೊದಲೇ ಬರೆದೆನಲ್ಲ.

ಫೆಬ್ರವರಿ ೧೦, ಮಂಗಳವಾರ

ಇವತ್ತು ನನ್ನ ಅಕ್ಷರ ಸೊಟ್ಟ.

ಮೂರನೆಯದು ಬಂದಿದೆ ಎಂದು ಬಕ್ಕೇಶಪ್ಪ ಫೋನು ಮಾಡಿ ಖತೀಜಾಗೆ ಹೇಳಿದ್ದರು. ಬಂದೂಕಿನ ಅಗತ್ಯ ಈಗ ಅಷ್ಟಿಲ್ಲ. ಆದರೆ ಎಮ್ಮೆಯ ವಿಷಯ ಇತ್ಯರ್ಥವಾಗಿರಲಿಲ್ಲ, ಹೋದೆ. ಹೊಸ ಪೆಟ್ಟಿಗೆ, ಅದೇ ಹಸಿರು ಚೀಟಿ. ಈ ಸಲ ತಾವೇ ತಪಾಸಣೆ ಮಾಡಿ ಕೊಡುತ್ತೇನೆಂದು ಬಕ್ಕೇಶಪ್ಪ ಬಂದೂಕು ಎತ್ತಿಕೊಂಡರು. ನಳಿಗೆ ಬಗ್ಗಿಸಿದರು. ಎಮ್ಮೆಯ ಪಂಚಾಯಿತಿಗೆ ಕೂತ ಹಿರಿಯರ ಹೆಸರು ಹೇಳುತ್ತಾ, ನನ್ನ ಮುಖ ನೋಡುತ್ತಾ, ಗುಂಡು ಕೂರುವ ಜಾಗ ತೋರಿಸಲು ನಳಿಗೆಯ ಸಂದಿಗೆ ಬೆರಳು ಇಟ್ಟರು. ಇನ್ನೊಂದು ಕೈ ನಳಿಗೆಯಿಂದ ಸಡಿಲವಾಗುತ್ತಿತ್ತು.

ಕಟಕ್ ಅನ್ನಲಿಲ್ಲ.

ಅಂಗಡಿ ತುಂಬ ಅವರ ಮಾತು, ಹೊರಗೆ ರೈಲು, ಬೀದಿಯಲ್ಲಿ ಹಾರ್ನು. ಆದರೂ ಆ ಪುಟ್ಟ ಸದ್ದು ಬರಬೇಕಿದ್ದ ಜಾಗ ಖಾಲಿ ಇದ್ದದ್ದು ನನ್ನ ಕಿವಿಗೆ ಬಿತ್ತು. ಕೊಂಡಿ ಹಿಡಿದಿಲ್ಲ. ಸ್ಪ್ರಿಂಗು ಬರೀ ಅವರ ಕೈಯಲ್ಲಿ ನಿಂತಿದೆ.

“ಬೆರಳು ತೆಗೀರಿ!”

ಕೂಗಿದವನು ನಾನು. ಬಕ್ಕೇಶಪ್ಪ ಬೆಚ್ಚಿ ಬೆರಳು ಕಿತ್ತುಕೊಂಡರು. ಅದೇ ಹೊತ್ತಿಗೆ ನಳಿಗೆ ಮೇಲಕ್ಕೆ ಚಿಮ್ಮಿ ಬಡಿಯಿತು. ಮರದ ಹಿಡಿ ಸೀಳಿ, ಬಂದೂಕು ಮೇಜಿನಿಂದ ಉರುಳಿ ಟಾರ್ಚುಗಳ ಮೇಲೆ ಬಿತ್ತು.

ಬಕ್ಕೇಶಪ್ಪ ತಮ್ಮ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಕೊನೆಗೆ, “ಸಾಬ್ರೇ, ನಿಮಗೆ ಮಾತು ಬರ್ತೈತಾ? ಹುಟ್ಟಿದಾಗಿಂದ ಬರಂಗಿಲ್ಲ ಅಂದ್ಕೊಂಡಿದ್ದೆ ನಾನು” ಅಂದರು.

ನಾನು ಸ್ಲೇಟು ತೆಗೆದು ಎಲ್ಲ ಬರೆದೆ. ಗಂಟಲು, ಡಾಕ್ಟರಮ್ಮ, ಶಿವರಾತ್ರಿ, ಪಾಳೇಗಾರ. ಓದಿ ಅವರು ಸ್ಟೂಲಿನ ಮೇಲೆ ಕುಸಿದರು. ಗಂಟಲಲ್ಲಿ ಬಿಸಿ ಮರಳು ಸುರಿದಂತಿದೆ. ಬಸ್ಸಿನಲ್ಲಿ ಉಗುಳು ನುಂಗಲೂ ಹೆದರಿಕೆ. ಮನೆಗೆ ಬಂದು ಖತೀಜಾಗೆ ಸ್ಲೇಟು ತೋರಿಸಿದೆ. ಅವಳು ಬೈಯಲಿಲ್ಲ. ಹಾಲು ಬಿಸಿ ಮಾಡಿ ತಂದಳು.

ನಾಡಿದ್ದು ಡಾಕ್ಟರಮ್ಮ ನೋಡುತ್ತಾರೆ.

ಫೆಬ್ರವರಿ ೧೨, ಗುರುವಾರ

ಗಂಟಲಿಗೆ ನಳಿಗೆ ಇಳಿಸಿ, ಪರದೆಯ ಮೇಲೆ ನೋಡುತ್ತಾ ಡಾಕ್ಟರಮ್ಮ, ಕೂಗಿದಿರಾ ಎಂದು ಕೇಳಿದರು. ತಲೆಯಾಡಿಸಿದೆ. ಯಾಕೆ ಎಂದರು. ಖತೀಜಾ ಬಂದೂಕಿನ ಕತೆ ಹೇಳಿದಳು. ನಾನು ಹೇಳಿದ್ದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಡಾಕ್ಟರಮ್ಮ ನಕ್ಕರು. ಕೆಂಪಾಗಿದೆ ಅಷ್ಟೇ, ಗಾಯ ಮಾಯ್ದಿದೆ, ಅದೃಷ್ಟವಂತರು ಅಂದರು. ನಾಟಕ ಮಾಡಬಹುದು, ಆದರೆ ಮೈಕಿನ ಹತ್ತಿರ ನಿಂತು, ಗುಡುಗದೆ.

ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಅಮೋಘ ಮಾತೊಂದಿತ್ತು, ಬೀಗ ತೆರೆದ ಗಳಿಗೆಯಲ್ಲಿ ಆಡಬೇಕೆಂದು. ಆಸ್ಪತ್ರೆಯ ಮೆಟ್ಟಿಲಿಳಿದ ಮೇಲೆ ಬಾಯಿಂದ ಬಂದದ್ದು, “ಶಾವಿಗೆ ಒಳಗೆ ಎತ್ತಿಟ್ಟು ಬಂದ್ಯಾ?”

ಎತ್ತಿಟ್ಟು ಬಂದಿದ್ದಳು.

ಬಕ್ಕೇಶಪ್ಪನಿಗೆ ಫೋನು ಮಾಡಿದೆ. ಆ ಕಂಪನಿಯ ಬಂದೂಕುಗಳನ್ನೆಲ್ಲ ಗೋಡೆಯಿಂದ ಇಳಿಸಿ ವಾಪಸ್ ಕಳಿಸಿದ್ದಾರೆ. ಬೇರೆ ಕಂಪನಿಯದು ಕೊಡುತ್ತೇನೆ ಅಂದರು. ಬೇಡವೆಂದೆ. ನನ್ನ ದನಿ ಕೇಳಿ ಅವರಿಗೆ ಮಾತು ತಡವರಿಸುತ್ತಿತ್ತು. ನಾಟಕಕ್ಕೆ ಬನ್ನಿ ಎಂದೆ. ಎಮ್ಮೆಯ ತೀರ್ಪು ಆಗಲೇ ಹೇಳುತ್ತಾರಂತೆ.

ಫೆಬ್ರವರಿ ೧೬, ಸೋಮವಾರ

ಬೆಳಗಾದ ಮೇಲೆ ಮನೆಗೆ ಬಂದು ಮಲಗಿ ಎದ್ದು ಬರೆಯುತ್ತಿದ್ದೇನೆ. ಕಿವಿಯ ಹಿಂದೆ ಇನ್ನೂ ಬಣ್ಣ ಇದೆ.

ಹರಿಹರದ ಜನ ತುಂಬಿದ್ದರು. ಬಕ್ಕೇಶಪ್ಪ ಮುಂದಿನ ಸಾಲಿನಲ್ಲಿ, ಅವರ ಪಕ್ಕ ಖತೀಜಾ. ಮೊದಲ ಅಂಕಗಳೆಲ್ಲ ಸಲೀಸು. ಕೊನೆಯ ಅಂಕದಲ್ಲಿ ಎಡವಟ್ಟಾಯಿತು.

ಕೋಟೆ ಬೀಳುವ ಮುನ್ನ ರಾಣಿಗೊಂದು ಉದ್ದನೆಯ ಮಾತಿದೆ. ರಾಣಿಯಾಗಿ ನಾಗಕ್ಕ, ನಮ್ಮ ಕಂಪನಿಯಲ್ಲಿ ನನ್ನಷ್ಟೇ ಹಳಬಳು. ಆ ಮಾತು ಮುಗಿದ ಕೂಡಲೇ ನಾನು ‘ಸಾಕು ಮಾಡು, ರಾಣಿ’ ಎಂದು ಗುಡುಗಬೇಕು. ಜನ ಶಿಳ್ಳೆ ಹೊಡೆಯುವ ಜಾಗವದು. ಅವಳು ಹೇಳುತ್ತಿರುವಾಗ ಸಾಮಾನ್ಯವಾಗಿ ನಾನು ಗಂಟಲು ಹದ ಮಾಡಿಕೊಳ್ಳುತ್ತೇನೆ, ಕತ್ತಿಯ ಹಿಡಿ ಸರಿಮಾಡುತ್ತೇನೆ, ಎಷ್ಟು ಜನ ಎದ್ದು ಹೋಗಿದ್ದಾರೆ ಎಂದು ಎಣಿಸುತ್ತೇನೆ. ನಿನ್ನೆ ಗಂಟಲನ್ನು ಮುಟ್ಟುವ ಹಾಗಿರಲಿಲ್ಲ. ನಿಂತಿದ್ದೆ.

“ಕೋಟೆ ಬಿದ್ದರೆ ನಿನಗೆ ಹೆಸರು ಉಳಿಯುತ್ತದೆ, ದೊರೆ. ಬೆಳಗಾದರೆ ಈ ಮಕ್ಕಳಿಗೆ ಗಂಜಿ ಕಾಯಿಸುವವಳು ನಾನು. ಯಾವ ಒಲೆಯಲ್ಲಿ ಕಾಯಿಸಲಿ, ಅದೊಂದನ್ನು ಹೇಳಿ ಹೋಗು.”

ಅಲ್ಲಿಗೆ ಅವಳ ಮಾತು ಮುಗಿಯಿತು. ನಾನು ಬಾಯಿ ತೆರೆಯಲಿಲ್ಲ. ಪರದೆಯ ಹಿಂದಿನಿಂದ ಮಾಲತೇಶಪ್ಪ ನನ್ನ ಮಾತನ್ನು ಪಿಸುಗುಟ್ಟಿದ. ಮತ್ತೊಮ್ಮೆ ಪಿಸುಗುಟ್ಟಿದ. ನಾಗಕ್ಕ ನನ್ನ ಮುಖ ನೋಡುತ್ತಿದ್ದಳು. ಜನರೂ ನೋಡುತ್ತಿದ್ದರು, ಒಂದು ಮಗು ಕೂಡ ಕೆಮ್ಮಲಿಲ್ಲ. ಕೊನೆಗೆ “ಸಾಕು ಮಾಡು, ರಾಣಿ” ಅಂದೆ. ಮೈಕಿಗೂ ಕೇಳಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಬಂತು. ಶಿಳ್ಳೆ ಬೀಳಲಿಲ್ಲ. ಚಪ್ಪಾಳೆಯೂ ಇಲ್ಲ. ಮುಂದಿನ ಸಾಲಿನಲ್ಲಿ ಬಕ್ಕೇಶಪ್ಪ ಟವೆಲಿನಿಂದ ಮುಖ ಒರೆಸುತ್ತಿದ್ದರು, ಸೆಕೆಗೋ ಏನೋ.

ಪರದೆ ಇಳಿದ ಮೇಲೆ ಮಾಲತೇಶಪ್ಪ ಓಡಿ ಬಂದ. ಇಷ್ಟು ವರ್ಷದ ಮಾತು ಹೆಂಗ್ರೀ ಮರೆತ್ರಿ ಎಂದು ಕೇಳಿದ. ಗಂಟಲಿಗೆ ಧೂಳು ಹೋಯಿತು ಎಂದು ಸುಳ್ಳು ಹೇಳಿದೆ. ಕಿರೀಟ ಬಿಚ್ಚುತ್ತಿದ್ದ ನಾಗಕ್ಕ ಹೋಗುವಾಗ, “ಮುಂದಿನ ಸಲನೂ ಹಂಗೇ ನಿಲ್ರಿ” ಅಂದಳು. ಒಮ್ಮೆ ತಪ್ಪಿದ್ದನ್ನು ಬೇಕೆಂದೇ ಮತ್ತೆ ಯಾಕೆ ತಪ್ಪಬೇಕೋ, ಅವಳಿಗೇ ಗೊತ್ತು.

ಮರೆತಿರಲಿಲ್ಲ. ನನ್ನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳು ಕೇಳಿದ್ದು ಒಲೆಯ ವಿಷಯ. ಅದಕ್ಕೆ ಏನು ಹೇಳಬೇಕೆಂದು ಆ ಕ್ಷಣಕ್ಕೆ ತೋಚಲಿಲ್ಲ.

ಖತೀಜಾ ತಾರಸಿಯಿಂದ ಕರೆಯುತ್ತಿದ್ದಾಳೆ. ಏನೋ ಹೇಳಬೇಕಂತೆ. ಹೋಗುತ್ತೇನೆ.